ತಮಾಷೆಯ ಹಣೆಪಟ್ಟಿ: 2013ರ ಮೇ ತಿಂಗಳಲ್ಲಿ ಫೇಸ್‌ಬುಕ್ ಮಣಿದ ಬಗೆ

ಪಬ್‌ನಲ್ಲಿ ಕೂತು ಪೋಲಿ ಜೋಕ್ ಹೇಳಿದರೆ ಯಾರೂ ನಿಮ್ಮನ್ನು ಕತ್ತು ಹಿಡಿದು ಆಚೆ ದಬ್ಬುವುದಿಲ್ಲ. ಹಾಗೇ ಫೇಸ್‌ಬುಕ್ಕಿನಿಂದಲೂ ದಬ್ಬುವುದಿಲ್ಲ. 2011ರಲ್ಲಿ ಬಿಬಿಸಿ ಕೇಳಿದ ಪ್ರಶ್ನೆಗೆ ಫೇಸ್‌ಬುಕ್ ಕೊಟ್ಟ ಉತ್ತರದ ಸಾರ ಇಷ್ಟು. ಒಬ್ಬರಿಗೆ ಅಸಹ್ಯ ಅನ್ನಿಸಿದ್ದು ಇನ್ನೊಬ್ಬರಿಗೆ ಮಜಾ ಅನ್ನಿಸಬಹುದು ಅಂತಲೂ ಕಂಪನಿ ಸೇರಿಸಿತ್ತು.

ಪ್ರಶ್ನೆ ಇದ್ದದ್ದು ಅತ್ಯಾಚಾರವನ್ನೇ ತಮಾಷೆ ಮಾಡುವ ಪೇಜ್‌ಗಳ ಬಗ್ಗೆ. ಅವುಗಳಲ್ಲಿ ಒಂದರ ಹೆಸರು ಹೇಳುತ್ತಿದ್ದುದು ಇದನ್ನು: ಓಣಿಯಲ್ಲಿ ನೀವು ಅವಳನ್ನು ಅಟ್ಟಿಸಿಕೊಂಡು ಹೋಗುವಾಗ ಅವಳು ಓಡುತ್ತಿದ್ದರೆ, ಅದು ಬರೀ ಬಿಂಕ. ಆ ಪೇಜಿಗೆ ಲಕ್ಷಕ್ಕೂ ಜಾಸ್ತಿ ಲೈಕ್ ಬಿದ್ದಿದ್ದವು. ತೆಗೆಯಿರಿ ಅಂತ ಲಕ್ಷಾಂತರ ಜನ ಸಹಿ ಹಾಕಿದರು. ತಿಂಗಳುಗಟ್ಟಲೆ ಎಳೆದಾಡಿದ ಮೇಲೆ ಕಂಪನಿ ಕೆಲವು ಪೇಜ್ ತೆಗೆಯಿತು. ಉಳಿದವರಿಗೆ ಒಂದು ದಾರಿ ತೋರಿಸಿತು. ಇದು ಹಾಸ್ಯ ಅಥವಾ ವಿಡಂಬನೆ ಅಂತ ಪೇಜಿನ ಮೇಲೆ ಬರೆದುಕೊಳ್ಳಿ, ಸಾಕು.

ಎರಡು ವರ್ಷ ತುಂಬುವುದರೊಳಗೆ ಅದೇ ಕಂಪನಿ, ದ್ವೇಷದ ಮಾತನ್ನು ಗುರುತಿಸಿ ತೆಗೆಯುವ ನಮ್ಮ ವ್ಯವಸ್ಥೆ ಸರಿಯಾಗಿ ಕೆಲಸ ಮಾಡಿಲ್ಲ ಎಂದು ಎಲ್ಲರಿಗೂ ಕಾಣುವಂತೆ ಬರೆದು ಒಪ್ಪಿಕೊಂಡಿತು. ಅದೂ ಮಹಿಳೆಯರ ಮೇಲಿನ ದ್ವೇಷದ ವಿಷಯದಲ್ಲೇ ಸೋತಿದ್ದೇವೆ ಎಂದಿತು. ಈ ಮಧ್ಯೆ ಜೋಕುಗಳೇನೂ ಬದಲಾಗಿರಲಿಲ್ಲ. ಸ್ತ್ರೀವಾದಿಗಳ ಸಿಟ್ಟೂ ಹೊಸದಾಗಿರಲಿಲ್ಲ. ಬದಲಾಗಿದ್ದು ಅವರು ವಾದ ಹೂಡಿದ ಜಾಗ. ಈ ಜೋಕ್ ಕೆಟ್ಟದ್ದು ಎನ್ನುವುದನ್ನು ಬಿಟ್ಟು, ನಿಮ್ಮ ನಿಯಮ ಯಾವುದನ್ನು ಕತ್ತರಿಸುತ್ತೆ, ಯಾವುದನ್ನು ಬಿಡುತ್ತೆ, ಅದರ ಪಕ್ಕದಲ್ಲಿ ಯಾರ ದುಡ್ಡು ಓಡಾಡುತ್ತಿದೆ ಅಂತ ಕೇಳತೊಡಗಿದರು. ಅವರು ಗೆದ್ದದ್ದು ಇದರಿಂದಲೇ ಅನ್ನುವುದು ನನ್ನ ಓದು. ಆ ಗೆಲುವು ಗಟ್ಟಿಯಾಗಿ ನಿಲ್ಲದೇ ಹೋದದ್ದಕ್ಕೂ ಇದೇ ಕಾರಣ.

ನಗು ಬಂದರೆ ಮಾಫಿ

ಆ ಕಾಲದಲ್ಲಿ ರಿಪೋರ್ಟ್ ಬಟನ್ ಒತ್ತಿದರೆ ಆಮೇಲೆ ಏನಾಗುತ್ತೆ ಅಂತ ಹೊರಗಿನವರಿಗೆ ಗೊತ್ತೇ ಇರಲಿಲ್ಲ. 2012ರ ಫೆಬ್ರವರಿಯಲ್ಲಿ ಸ್ವಲ್ಪ ಗೊತ್ತಾಯಿತು. ಒಡೆಸ್ಕ್ ಎಂಬ ಹೊರಗುತ್ತಿಗೆ ಕಂಪನಿಯ ಮೂಲಕ ಫೇಸ್‌ಬುಕ್ಕಿಗೆ ಮಾಡರೇಟರ್ ಕೆಲಸ, ಅಂದರೆ ಪೋಸ್ಟ್ ನೋಡಿ ಇಡಬೇಕಾ ತೆಗೆಯಬೇಕಾ ಅಂತ ತೀರ್ಮಾನಿಸುವ ಕೆಲಸ ಮಾಡಿದ ಮೊರಾಕ್ಕೊದ ಯುವಕನೊಬ್ಬ ತನಗೆ ಕೊಟ್ಟಿದ್ದ ಕೈಪಿಡಿಯನ್ನು ಗಾಕರ್ ಎಂಬ ಸುದ್ದಿತಾಣಕ್ಕೆ ಕೊಟ್ಟ. ಗಂಟೆಗೆ ಸುಮಾರು 1 ಡಾಲರ್ ಸಂಬಳ. ಮೆಕ್ಸಿಕೊ, ಟರ್ಕಿ, ಫಿಲಿಪೀನ್ಸ್ ಮತ್ತು ಭಾರತದಲ್ಲಿ ಕೂತವರೂ ಇದೇ ಕೆಲಸ ಮಾಡುತ್ತಿದ್ದರು.

ಆ ಕೈಪಿಡಿ ಓದಿದರೆ ತಲೆ ತಿರುಗುತ್ತೆ. ಮೊಲೆತೊಟ್ಟು ಕಾಣುವಂತೆ ಮಗುವಿಗೆ ಹಾಲೂಡಿಸುವ ಫೋಟೋ ಇದ್ದರೆ ತೆಗೆಯಬೇಕು. ಜಜ್ಜಿಹೋದ ತಲೆ, ಕೈಕಾಲು ಇರುವ ಫೋಟೋ ಆದರೆ ಒಳಗಿನ ಮಾಂಸ ಕಾಣದಿದ್ದರೆ ಬಿಡಬಹುದು. ನಮ್ಮ ಪ್ರಕರಣಕ್ಕೆ ಮುಖ್ಯವಾದ ಸಾಲು ದ್ವೇಷದ ಮಾತಿನ ಭಾಗದಲ್ಲಿತ್ತು. ಬೈಗುಳದ ಪದ ಇಲ್ಲದಿದ್ದರೆ, ಹಾಸ್ಯ ಎಂದು ಮೇಲ್ನೋಟಕ್ಕೇ ಗೊತ್ತಾಗುವಂತಿದ್ದರೆ, ಹಾಸ್ಯವು ದ್ವೇಷವನ್ನು ಮೀರುತ್ತೆ ಅಂತ ಅದು ಹೇಳುತ್ತಿತ್ತು.

ಈ ಸಾಲನ್ನು ಬರೆದವರ ಕಷ್ಟವೂ ಅರ್ಥವಾಗುತ್ತೆ. ಕೋಟಿಗಟ್ಟಲೆ ಪೋಸ್ಟ್. ನೋಡುವವನಿಗೆ ಒಂದೊಂದಕ್ಕೆ ಕೆಲವು ಸೆಕೆಂಡ್. ಅವನು ಇರುವ ದೇಶ ಬೇರೆ, ಜೋಕ್ ಹುಟ್ಟಿದ ದೇಶ ಬೇರೆ. ಅವನಿಗೆ ಸುಲಭವಾದ ಒಂದು ಗುರುತು ಬೇಕು. ಆದರೆ ಆ ಗುರುತು ದಾಟಿ ಹೋಗುವುದೂ ಅಷ್ಟೇ ಸುಲಭ. ಪೆಟ್ಟು ತಿಂದ ಹೆಂಗಸಿನ ಫೋಟೋ ಹಾಕಿ. ಅದರ ಮೇಲೆ ದಪ್ಪ ಅಕ್ಷರದಲ್ಲಿ ಎರಡು ಸಾಲು ನಗೆಮಾತು ಬರೆಯಿರಿ. ಹಾಸ್ಯ ಆಯ್ತಲ್ಲ. ಬೈಗುಳವೂ ಇಲ್ಲ. ಪಾಸ್.

2013ರ ಜನವರಿಯಲ್ಲಿ ಐಸ್‌ಲ್ಯಾಂಡಿನ ಮಹಿಳೆಯೊಬ್ಬರಿಗೆ ಇದೇ ಆಯಿತು. ಮಹಿಳೆಯರನ್ನು ಹೀಯಾಳಿಸುವ ಒಂದು ಪೇಜಿನ ಬಗ್ಗೆ ಅವರು ದನಿ ಎತ್ತಿದ್ದರು. ಅದಕ್ಕೆ ಪ್ರತಿಯಾಗಿ ಅವರದೇ ಫೋಟೋವನ್ನು ತಿದ್ದಿ, ಯಾರೋ ಹೊಡೆದು ಮುಖ ಊದಿಸಿದಂತೆ ಮಾಡಿ ಹಾಕಿದರು. ಅವರು ರಿಪೋರ್ಟ್ ಮಾಡಿದರು. ನಿಯಮ ಮೀರಿಲ್ಲ ಅಂತ ಉತ್ತರ ಬಂತು. ವೈರ್ಡ್ ಪತ್ರಿಕೆ ವಿಚಾರಿಸಿದ ಮೇಲೆ ಫೋಟೋ ಹೋಯಿತು, ಕ್ಷಮೆಯೂ ಬಂತು. ಆ ಹೊತ್ತಿಗೆ ಇಂಥ ಪೇಜ್‌ಗಳ ಹೆಸರಿನ ಹಿಂದೆ ‘ವಿವಾದಾತ್ಮಕ ಹಾಸ್ಯ’ ಅನ್ನುವ ಪಟ್ಟಿ ಹಚ್ಚಿಸುವುದು ಕಂಪನಿಯ ಪದ್ಧತಿಯಾಗಿತ್ತು. ಪಟ್ಟಿ ಇದ್ದರೆ ಪೇಜ್ ಉಳಿಯುತ್ತಿತ್ತು. ಫೋಟೋದಲ್ಲಿದ್ದವಳನ್ನು ಕೇಳಿ ಆ ಪಟ್ಟಿ ಹಚ್ಚುತ್ತಿರಲಿಲ್ಲ ಅನ್ನುವುದನ್ನು ಬೇರೆ ಹೇಳಬೇಕಾಗಿಲ್ಲ.

ಮೂವರು, ಒಂದು ಪತ್ರ

2013ರ ಮೇ 21, ಮಂಗಳವಾರ. ಒಂದು ಬಹಿರಂಗ ಪತ್ರ ಹೊರಬಿತ್ತು. ಬರೆದವರು ಮೂವರು. ಅಮೆರಿಕದಲ್ಲಿ ವಿಮೆನ್, ಆ್ಯಕ್ಷನ್ ಅಂಡ್ ದ ಮೀಡಿಯಾ ಎಂಬ ಸಂಘಟನೆ ನಡೆಸುತ್ತಿದ್ದ ಜ್ಯಾಕ್ಲಿನ್ ಫ್ರೀಡ್‌ಮನ್. ಬ್ರಿಟನ್ನಿನಲ್ಲಿ 2012ರಲ್ಲಿ ಎವ್ರಿಡೇ ಸೆಕ್ಸಿಸಂ ಪ್ರಾಜೆಕ್ಟ್ ಶುರುಮಾಡಿದ್ದ ಲಾರಾ ಬೇಟ್ಸ್. ಇವರ ಜೊತೆಗೆ ಅಮೆರಿಕದ ಲೇಖಕಿ ಸೊರಾಯಾ ಚೆಮಲಿ. ಮೊದಲಿಗೆ 40ಕ್ಕೂ ಹೆಚ್ಚು ಸಂಘಟನೆಗಳ ಸಹಿ ಇತ್ತು. ವಾರದೊಳಗೆ ಅದು ನೂರು ದಾಟಿತು.

ಆ ಪತ್ರ ಕೇಳಿದ್ದು ಮೂರೇ. ಹೆಣ್ಣುಮಕ್ಕಳ ಮೇಲಿನ ಹಿಂಸೆಯನ್ನು ಹಗುರ ಮಾಡುವ ಅಥವಾ ಮೆರೆಸುವ ಮಾತನ್ನು ದ್ವೇಷದ ಮಾತು ಅಂತ ಒಪ್ಪಿಕೊಳ್ಳಿ. ಅದನ್ನು ಗುರುತಿಸಿ ತೆಗೆಯುವಂತೆ ಮಾಡರೇಟರ್‌ಗಳಿಗೆ ತರಬೇತಿ ಕೊಡಿ. ಆನ್‌ಲೈನ್ ಕಿರುಕುಳ ಗಂಡಸರನ್ನು ತಟ್ಟುವ ರೀತಿಯೇ ಬೇರೆ, ಹೆಂಗಸರನ್ನು ತಟ್ಟುವ ರೀತಿಯೇ ಬೇರೆ ಅನ್ನುವುದನ್ನೂ ಅವರಿಗೆ ಕಲಿಸಿ.

ಬೇಡಿಕೆಗಿಂತ ಹೆಚ್ಚು ಕೆಲಸ ಮಾಡಿದ್ದು ಪತ್ರದ ಉಳಿದ ಭಾಗ. ಅದರಲ್ಲಿ ಪೇಜ್‌ಗಳ ಹೆಸರುಗಳೇ ಇದ್ದವು. ಗೆಳತಿಯನ್ನು ಒದೆಯುವುದು, ಸುಮ್ನೆ ಮಜಾಕ್ಕೆ ಗೆಳತಿಯ ಮೇಲೆ ಅತ್ಯಾಚಾರ ಮಾಡುವುದು, ಇಂಥವು. ಅವನ್ನು ಇಲ್ಲಿ ಪೂರ್ತಿ ಬರೆಯಲು ನನಗೆ ಇಷ್ಟವಿಲ್ಲ. ಆದರೆ ಪತ್ರ ಬರೆದವರು ಬೇಕಂತಲೇ ಬರೆದರು. ‘ಆಕ್ಷೇಪಾರ್ಹ ಹಾಸ್ಯ’ ಅಂದರೆ ಓದುಗರ ಕಣ್ಣ ಮುಂದೆ ಗಂಡ ಹೆಂಡತಿ ಜಗಳದ ಹಳೆಯ ಜೋಕುಗಳು ಬಂದು ನಿಲ್ಲುತ್ತವೆ. ಅಷ್ಟಕ್ಕೆಲ್ಲ ಇಷ್ಟು ಗಲಾಟೆ ಯಾಕೆ ಅನ್ನಿಸುತ್ತೆ. ಪೇಜಿನ ಹೆಸರು ಓದಿದ ಮೇಲೆ ಹಾಗೆ ಅನ್ನಿಸಲು ಸಾಧ್ಯವಿರಲಿಲ್ಲ.

ಈ ಪಟ್ಟಿಯ ಪಕ್ಕದಲ್ಲೇ ಇನ್ನೊಂದು ಪಟ್ಟಿ ಇತ್ತು. ಫೇಸ್‌ಬುಕ್ ಯಾವುದನ್ನೆಲ್ಲ ತೆಗೆದುಹಾಕುತ್ತಿತ್ತು ಅಂತ. ಹಾಲೂಡಿಸುವ ತಾಯಂದಿರ ಫೋಟೋ. ಸ್ತನ ಕ್ಯಾನ್ಸರ್ ಶಸ್ತ್ರಚಿಕಿತ್ಸೆ ಆದವರ ಫೋಟೋ. ನಗ್ನ ಕಲಾಕೃತಿಗಳು. ಹಾಲೂಡಿಸುವ ಫೋಟೋಗಳ ಜಗಳ ಹಳೆಯದೇ. 2008ರ ಡಿಸೆಂಬರ್‌ನಲ್ಲಿ ಸಾವಿರಾರು ತಾಯಂದಿರು ತಮ್ಮ ಪ್ರೊಫೈಲ್ ಫೋಟೋ ಬದಲಿಸಿ ಪ್ರತಿಭಟಿಸಿದ್ದರು. ಅಂದರೆ, ನಾವು ಏನನ್ನೂ ಸೆನ್ಸಾರ್ ಮಾಡುವವರಲ್ಲ, ಮುಕ್ತ ಮಾತಿನ ವೇದಿಕೆ ನಮ್ಮದು ಎಂಬ ಮಾತು ಕಂಪನಿಯ ಬಾಯಲ್ಲಿ ನಿಲ್ಲುತ್ತಿರಲಿಲ್ಲ. ಅದು ದಿನಾ ಕತ್ತರಿ ಆಡಿಸುತ್ತಿತ್ತು. ತಾಯಿಯ ಎದೆಗೆ ಕತ್ತರಿ, ಒಡೆದ ಮುಖಕ್ಕೆ ಹಾಸ್ಯದ ಪಟ್ಟಿ. ಈ ಎರಡನ್ನೂ ಅಕ್ಕಪಕ್ಕ ಇಟ್ಟಿದ್ದೇ ಪತ್ರದ ಜಾಣತನ. ಕೆಟ್ಟ ಜೋಕಿಗೂ ಜಾಗ ಇರಬೇಕು ಅನ್ನುವವರು ಸಹ ಇದಕ್ಕೆ ಉತ್ತರ ಕೊಡಬೇಕಾಯಿತು.

ಸ್ಕ್ರೀನ್‌ಶಾಟ್‌ನಲ್ಲಿ ಸಿಕ್ಕಿಬಿದ್ದ ಸಾಬೂನು

ಪತ್ರ ಫೇಸ್‌ಬುಕ್ಕಿಗೆ ಬರೆದದ್ದಾದರೂ ಒತ್ತಡ ಹಾಕಿದ್ದು ಬೇರೆಯವರ ಮೇಲೆ.

ಅದು ಅರ್ಥವಾಗಬೇಕಾದರೆ ಆಗ ಜಾಹೀರಾತು ಹೇಗೆ ಓಡುತ್ತಿತ್ತು ಅಂತ ಗೊತ್ತಿರಬೇಕು. ಟಿವಿಯಲ್ಲಿ ಕಂಪನಿಗಳು ಕಾರ್ಯಕ್ರಮ ನೋಡಿ ಜಾಹೀರಾತು ಕೊಡುತ್ತವೆ. ಫೇಸ್‌ಬುಕ್ಕಿನಲ್ಲಿ ಕೊಡುತ್ತಿದ್ದದ್ದು ಮನುಷ್ಯರನ್ನು ನೋಡಿ. 25ರಿಂದ 40 ವಯಸ್ಸಿನ ಹೆಂಗಸರು, ಇಂಥ ಊರು, ಇಂಥ ಆಸಕ್ತಿ ಅಂತ ಹೇಳಿದರೆ ಸಾಕು. ಆಮೇಲೆ ಅವಳು ಎಲ್ಲೆಲ್ಲಿ ಹೋಗುತ್ತಾಳೋ ಜಾಹೀರಾತೂ ಹಿಂದೆಯೇ ಹೋಗುತ್ತಿತ್ತು. ಆಕೆ ಹೊಲಸು ಪೇಜನ್ನು ರಿಪೋರ್ಟ್ ಮಾಡಲೆಂದೇ ತೆರೆದರೂ ಬಲಗಡೆ ಸಾಬೂನಿನ ಜಾಹೀರಾತು ಹಾಜರ್.

ಸ್ತ್ರೀವಾದಿಗಳು ಮಾಡಿದ್ದು ಇಷ್ಟೇ. ಪೇಜ್ ಮತ್ತು ಜಾಹೀರಾತು ಎರಡೂ ಒಂದೇ ಚೌಕಟ್ಟಿನಲ್ಲಿ ಬರುವಂತೆ ಸ್ಕ್ರೀನ್‌ಶಾಟ್ ತೆಗೆದರು. ಅದನ್ನು ನೇರವಾಗಿ ಆ ಬ್ರ್ಯಾಂಡಿಗೆ ಟ್ವೀಟ್ ಮಾಡಿ, ಇದರ ಪಕ್ಕ ಕೂರಲು ನಿಮಗೆ ಒಪ್ಪಿಗೆಯಾ ಅಂತ ಕೇಳಿದರು. ಒಂದು ಹ್ಯಾಶ್‌ಟ್ಯಾಗ್ ಹುಟ್ಟಿತು. ವಾರದಲ್ಲಿ 60,000 ಟ್ವೀಟ್, 5,000 ಇಮೇಲ್ ಹೋದವು ಅಂತ ಸಂಘಟಕರು ಲೆಕ್ಕ ಕೊಟ್ಟರು. ನಿಸಾನ್‌ನ ಬ್ರಿಟನ್ ಶಾಖೆ ಮತ್ತು ನೇಷನ್‌ವೈಡ್ ಎಂಬ ಬ್ರಿಟಿಷ್ ಹಣಕಾಸು ಸಂಸ್ಥೆ ಸೇರಿ 15 ಜಾಹೀರಾತುದಾರರು ಹಿಂದೆ ಸರಿದರು.

ಡವ್ ಕಥೆಯಲ್ಲಿ ಒಂದು ವ್ಯಂಗ್ಯ ಇದೆ. ಹೆಣ್ಣು ಇರುವ ಹಾಗೇ ಚೆಂದ ಅಂತ ವರ್ಷಗಟ್ಟಲೆ ಪ್ರಚಾರ ಮಾಡಿ ಹೆಸರು ಗಳಿಸಿದ ಬ್ರ್ಯಾಂಡ್ ಅದು. ಪ್ರತಿಭಟನೆಯ ಬಿಸಿ ಅದಕ್ಕೇ ಜಾಸ್ತಿ ತಟ್ಟಿತು. ನಾವು ಆರಿಸುವುದು ಜನರನ್ನು, ಪೇಜ್‌ಗಳನ್ನಲ್ಲ, ಫೇಸ್‌ಬುಕ್ ಜೊತೆ ಮಾತಾಡಿ ಸರಿ ಮಾಡಿಸುತ್ತೇವೆ ಅಂತ ಅದು ಹೇಳಿತು. ತಾಂತ್ರಿಕವಾಗಿ ಆ ಮಾತು ನಿಜ. ಆದರೆ ಸ್ಕ್ರೀನ್‌ಶಾಟ್ ನೋಡಿದವರಿಗೆ ಆ ನಿಜ ಯಾಕೆ ಬೇಕು?

ಫೇಸ್‌ಬುಕ್ಕಿಗೂ ಆಗ ಇದು ಕೆಟ್ಟ ಹೊತ್ತು. ಷೇರು ಮಾರುಕಟ್ಟೆಗೆ ಬಂದು ಆಗಷ್ಟೇ ಒಂದು ವರ್ಷ ಆಗಿತ್ತು. 38 ಡಾಲರ್‌ಗೆ ಮಾರಿದ ಷೇರು ಇನ್ನೂ ಆ ಬೆಲೆಗೆ ಮರಳಿರಲಿಲ್ಲ. 2013ರ ಮೊದಲ ಮೂರು ತಿಂಗಳ ಆದಾಯ ಸುಮಾರು 146 ಕೋಟಿ ಡಾಲರ್. ಅದರಲ್ಲಿ 125 ಕೋಟಿ ಬಂದದ್ದು ಜಾಹೀರಾತಿನಿಂದ. ಕಂಪನಿಯ ಎರಡನೇ ಸ್ಥಾನದಲ್ಲಿದ್ದ ಶೆರಿಲ್ ಸ್ಯಾಂಡ್‌ಬರ್ಗ್ ಹೆಂಗಸರು ಕೆಲಸದಲ್ಲಿ ಮುಂದೆ ಬರುವ ಬಗ್ಗೆ ಅದೇ ಮಾರ್ಚ್‌ನಲ್ಲಿ ಪುಸ್ತಕ ತಂದು ಊರೂರು ಸುತ್ತುತ್ತಿದ್ದರು. ಹೀಗಿರುವಾಗ ‘ಪಬ್‌ನಲ್ಲಿ ಹೇಳಿದ ಜೋಕ್’ ಎಂಬ ಹಳೆಯ ಉತ್ತರ ನಡೆಯುವಂತಿರಲಿಲ್ಲ.

ಪೊಲೀಸರ ಹತ್ತಿರ ಹೋಗದ ಹೋರಾಟ

ಭಾರತದಲ್ಲಿ ಕೂತು ಈ ಕಥೆ ಓದುವವರಿಗೆ ಒಂದು ವಿಷಯ ಎದ್ದು ಕಾಣಬೇಕು. ಇಡೀ ವಾರದಲ್ಲಿ ಯಾರೂ ಠಾಣೆಯ ಮೆಟ್ಟಿಲು ಹತ್ತಲಿಲ್ಲ. ಹೊಸ ಕಾನೂನು ಕೇಳಲಿಲ್ಲ. ಯಾರನ್ನೂ ಬಂಧಿಸಿ ಅನ್ನಲಿಲ್ಲ.

ನಮ್ಮಲ್ಲಿ ಇದೇ ಹೊತ್ತಿಗೆ ಏನಾಗುತ್ತಿತ್ತು ನೆನಪಿಸಿಕೊಳ್ಳಿ. 2012ರ ನವೆಂಬರ್‌ನಲ್ಲಿ ಬಾಳ ಠಾಕ್ರೆ ತೀರಿಹೋದಾಗ ಮುಂಬೈ ಸ್ತಬ್ಧವಾಗಿತ್ತು. ಅದನ್ನು ಪ್ರಶ್ನಿಸಿ ಮಹಾರಾಷ್ಟ್ರದ ಪಾಲ್ಘರ್‌ನ ಯುವತಿಯೊಬ್ಬಳು ಫೇಸ್‌ಬುಕ್ಕಿನಲ್ಲಿ ಬರೆದಳು. ಇನ್ನೊಬ್ಬಳು ಲೈಕ್ ಮಾಡಿದಳು. ಇಬ್ಬರನ್ನೂ ಪೊಲೀಸರು ಹಿಡಿದರು. ಅಲ್ಲಿ ಬಳಕೆಯಾದ ಐಟಿ ಕಾಯ್ದೆಯ 66ಎ ಕಲಮಿನಲ್ಲಿ ಮನಸ್ಸಿಗೆ ನೋವಾಗುವ, ಕಿರಿಕಿರಿ ಆಗುವ ಮಾತೂ ಅಪರಾಧವೇ. 2015ರ ಮಾರ್ಚ್ 24ರಂದು ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ನೋವಾಯಿತು ಅನ್ನುವ ಕಾರಣಕ್ಕೆ ಜೈಲು ಅಂದರೆ ಆ ಅಸ್ತ್ರ ಕೊನೆಗೆ ಯಾರ ಕೈಗೆ ಹೋಗುತ್ತೆ ಅಂತ ಪಾಲ್ಘರ್ ತೋರಿಸಿಕೊಟ್ಟಿತ್ತು. ಆ ಇಬ್ಬರೂ ಹೆಣ್ಣುಮಕ್ಕಳೇ ಅನ್ನುವುದನ್ನು ಮರೆಯಬಾರದು.

ಈ ದೃಷ್ಟಿಯಿಂದ ಫ್ರೀಡ್‌ಮನ್, ಬೇಟ್ಸ್, ಚೆಮಲಿ ಹಿಡಿದ ದಾರಿ ನನಗೆ ಇಷ್ಟವಾಗುತ್ತೆ. ಅವರು ಸರ್ಕಾರದ ಕೈಗೆ ಕೋಲು ಕೊಡಲಿಲ್ಲ.

ಸ್ತ್ರೀವಾದಿಗಳಿಗೆ ನಗಲು ಬರಲ್ಲ ಅನ್ನುವ ಹಳೆಯ ಆರೋಪಕ್ಕೆ ಉತ್ತರ ಹುಡುಕಲು ನಾವು ಅಮೆರಿಕಕ್ಕೆ ಹೋಗಬೇಕಿಲ್ಲ. ಮಂಗಳೂರು ಸಾಕು. 2009ರ ಜನವರಿ 24ರಂದು ಅಲ್ಲಿನ ಪಬ್ ಒಂದರಲ್ಲಿ ಹುಡುಗಿಯರ ಮೇಲೆ ಶ್ರೀರಾಮ ಸೇನೆಯವರು ಕೈ ಮಾಡಿದರು. ಆಗ ನಿಶಾ ಸೂಸನ್ ಮತ್ತು ಗೆಳತಿಯರು ಫೇಸ್‌ಬುಕ್ಕಿನಲ್ಲೇ ಒಂದು ಗುಂಪು ಕಟ್ಟಿದರು. ತಮ್ಮನ್ನು ತಾವೇ ಪಬ್‌ಗೆ ಹೋಗುವ, ಸಡಿಲ ನಡತೆಯ, ಮುಂದುವರಿದ ಹೆಂಗಸರ ಒಕ್ಕೂಟ ಅಂತ ಕರೆದುಕೊಂಡರು. ಪ್ರೇಮಿಗಳ ದಿನಕ್ಕೆ ಪ್ರಮೋದ್ ಮುತಾಲಿಕರ ಹುಬ್ಬಳ್ಳಿ ಕಚೇರಿಗೆ ಗುಲಾಬಿ ಚಡ್ಡಿ ಕಳಿಸೋಣ ಅಂತ ಕರೆ ಕೊಟ್ಟರು. ಹತ್ತಾರು ಸಾವಿರ ಜನ ಗುಂಪಿಗೆ ಸೇರಿದರು. ಇದೇನು ಅಸಭ್ಯ ಅಂತ ಬೈದವರೂ ಬೇಕಾದಷ್ಟು ಮಂದಿ. ಆಮೇಲೆ ಆ ಗುಂಪನ್ನೇ ಹ್ಯಾಕ್ ಮಾಡಿದರು. ಅದೂ ಹಲವರಿಗೆ ನೋವು ತಂದ ಹಾಸ್ಯವೇ. ಆದರೆ ಅದು ನಕ್ಕದ್ದು ಹೊಡೆದವರನ್ನು ನೋಡಿ.

ಏಳನೇ ದಿನದ ಉತ್ತರ

ಮೇ 28ರಂದು, ಮತ್ತೊಂದು ಮಂಗಳವಾರ, ಕಂಪನಿಯ ಸಾರ್ವಜನಿಕ ನೀತಿ ವಿಭಾಗದ ಉಪಾಧ್ಯಕ್ಷೆ ಮಾರ್ನಿ ಲೆವಿನ್ ಒಂದು ಹೇಳಿಕೆ ಹಾಕಿದರು. ಮೇಲೆ ಹೇಳಿದ ತಪ್ಪೊಪ್ಪಿಗೆ ಇದ್ದದ್ದು ಅದರಲ್ಲೇ. ಕೆಲವು ಪೋಸ್ಟ್‌ಗಳನ್ನು ತೆಗೆಯಬೇಕಾದಷ್ಟು ಬೇಗ ತೆಗೆಯಲಿಲ್ಲ, ಕೆಲವನ್ನು ತಪ್ಪು ಅಳತೆಗೋಲಿನಲ್ಲಿ ಅಳೆದೆವು ಅಂತ ಒಪ್ಪಿಕೊಂಡರು. ನಿಯಮ ಮರುಪರಿಶೀಲನೆ, ಮಾಡರೇಟರ್‌ಗಳಿಗೆ ಹೊಸ ತರಬೇತಿ, ಮಹಿಳಾ ಸಂಘಟನೆಗಳ ಜೊತೆ ನೇರ ಸಂಪರ್ಕ ಅಂತ ಮಾತು ಕೊಟ್ಟರು. ಜೂನ್ ಕೊನೆಗೆ ಇನ್ನೊಂದು ಪ್ರಕಟಣೆ ಬಂತು. ಹಿಂಸೆ ಅಥವಾ ಲೈಂಗಿಕ ವಿಷಯ ಇರುವ ಪೇಜ್‌ಗಳಲ್ಲಿ ಇನ್ನು ಜಾಹೀರಾತೇ ಇರುವುದಿಲ್ಲ ಅಂತ. ಜಾಹೀರಾತುದಾರರ ತಲೆನೋವು ಅಲ್ಲಿಗೆ ಮುಗಿಯಿತು.

ಹೇಳಿಕೆಯಲ್ಲಿ ಒಂದು ಅಂಶ ವಿಶೇಷವಾಗಿತ್ತು. ದ್ವೇಷದ ಮಾತಿನ ಗೆರೆ ದಾಟದ, ಆದರೆ ಕ್ರೂರವಾದ ತಮಾಷೆ ಹಾಕುವವರು ತಮ್ಮ ನಿಜ ಹೆಸರು ತೋರಿಸಬೇಕು. ಇದನ್ನು ಕಂಪನಿ ಕೆಲವು ತಿಂಗಳಿಂದ ಪರೀಕ್ಷಿಸುತ್ತಿತ್ತು. ಹೆಸರು ಹಾಕಿ ಅಂದರೆ ಎಷ್ಟೋ ಜನ ತಾವೇ ಪೋಸ್ಟ್ ತೆಗೆದುಬಿಡುತ್ತಾರೆ ಅನ್ನುವುದು ಲೆಕ್ಕಾಚಾರ. ಅಮ್ಮ, ಆಫೀಸಿನ ಬಾಸ್, ನಾಳೆ ಮದುವೆಯಾಗುವ ಹುಡುಗಿ ನೋಡುತ್ತಾರೆ ಅಂದರೆ ಕೆಲವು ಜೋಕುಗಳು ಬಾಯಿಂದ ಹೊರಡುವುದಿಲ್ಲ, ಅಲ್ವಾ? ಆದರೆ ಇದೇ ಹೆಸರಿನ ನಿಯಮ ಕಿರುಕುಳಕ್ಕೆ ಹೆದರಿ ಹೆಸರು ಮರೆಸಿಕೊಂಡ ಹೆಂಗಸರಿಗೂ, ಲಿಂಗತ್ವ ಅಲ್ಪಸಂಖ್ಯಾತರಿಗೂ ಕುತ್ತಾಯಿತು. 2014ರಲ್ಲಿ ಅಮೆರಿಕದ ಡ್ರ್ಯಾಗ್ ಕಲಾವಿದರ, ಅಂದರೆ ಹೆಚ್ಚಾಗಿ ಹೆಣ್ಣುವೇಷದಲ್ಲಿ ವೇದಿಕೆ ಏರುವವರ, ಖಾತೆಗಳನ್ನು ನಿಜ ಹೆಸರಿಲ್ಲ ಅಂತ ಮುಚ್ಚಿ, ಕೊನೆಗೆ ಕಂಪನಿ ಅವರಲ್ಲೂ ಕ್ಷಮೆ ಕೇಳಬೇಕಾಯಿತು.

ಹಾಗಾದರೆ ಜೋಕ್ ಏನು ಮಾಡುತ್ತೆ?

ಜೋಕ್ ಜೋಕೇ, ಅದನ್ನು ಕೇಳಿ ಯಾರೂ ಹೋಗಿ ಹೊಡೆಯುವುದಿಲ್ಲ. ಈ ವಾದವನ್ನು ತಳ್ಳಿಹಾಕುವುದು ಸುಲಭವಲ್ಲ, ತಳ್ಳಿಹಾಕಲೂಬಾರದು. ಒಂದು ಜೋಕಿನಿಂದ ಒಂದು ಅಪರಾಧಕ್ಕೆ ನೇರ ಗೆರೆ ಎಳೆಯಲು ಆಗುವುದಿಲ್ಲ.

ಆದರೆ ಪ್ರಶ್ನೆಯನ್ನು ಇನ್ನೊಂದು ರೀತಿ ಕೇಳಬಹುದು. ಅಮೆರಿಕದ ಮನಶ್ಶಾಸ್ತ್ರಜ್ಞ ಥಾಮಸ್ ಫೋರ್ಡ್ ಮತ್ತು ಸಂಗಡಿಗರು 2008ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಕೆಲವು ಗಂಡಸರಿಗೆ ಹೆಂಗಸರನ್ನು ಕೀಳು ಮಾಡುವ ಜೋಕ್ ಕೊಟ್ಟರು. ಇನ್ನು ಕೆಲವರಿಗೆ ಅಂಥದ್ದೇ ಕೀಳುಮಾತು, ಆದರೆ ಜೋಕಿನ ರೂಪದಲ್ಲಿಲ್ಲ. ಆಮೇಲೆ ಮಹಿಳಾ ಸಂಘಟನೆಯೊಂದಕ್ಕೆ ಎಷ್ಟು ದುಡ್ಡು ಕೊಡುತ್ತೀರಿ ಅಂತ ಕೇಳಿದರು. ಹೆಂಗಸರ ಬಗ್ಗೆ ಮೊದಲೇ ಹಗೆ ಇದ್ದ ಗಂಡಸರು ಜೋಕ್ ಓದಿದಾಗ ಕಡಿಮೆ ಕೊಟ್ಟರು. ಬರೀ ಕೀಳುಮಾತು ಓದಿದಾಗ ಹಾಗಾಗಲಿಲ್ಲ. ಹಗೆ ಇಲ್ಲದವರ ಮೇಲೆ ಜೋಕ್ ಇಂಥ ಪರಿಣಾಮ ಮಾಡಲಿಲ್ಲ.

ಅಂದರೆ ಜೋಕ್ ಹೊಸದಾಗಿ ದ್ವೇಷ ಹುಟ್ಟಿಸುತ್ತೆ ಅಂತ ಈ ಪ್ರಯೋಗ ಹೇಳುವುದಿಲ್ಲ. ಇರುವ ದ್ವೇಷಕ್ಕೆ ಇಲ್ಲಿ ಅಡ್ಡಿಯಿಲ್ಲ ಅಂತ ಪರವಾನಗಿ ಕೊಡುತ್ತೆ. ನೇರವಾಗಿ ಹೇಳಿದರೆ ಮುಜುಗರ ಆಗುವ ಮಾತು ನಗುವಿನ ಜೊತೆ ಬಂದಾಗ ಮುಜುಗರ ಕಳೆಯುತ್ತೆ. ಫೇಸ್‌ಬುಕ್ಕಿನ ಹಾಸ್ಯದ ಪಟ್ಟಿ ಇದೇ ಪರವಾನಗಿಯನ್ನು ಕಂಪನಿಯ ಸೀಲು ಹಾಕಿ ಕೊಟ್ಟಂತಿತ್ತು.

ಹಾಗಂತ ಅತ್ಯಾಚಾರದ ಬಗ್ಗೆ ಜೋಕೇ ಕೂಡದು ಅಂತ ಸ್ತ್ರೀವಾದಿಗಳೆಲ್ಲ ಹೇಳಿದ್ದರಾ? ಇಲ್ಲ. ಲಿಂಡಿ ವೆಸ್ಟ್ ಎಂಬ ಲೇಖಕಿ 2012ರಲ್ಲೇ ಬರೆದಿದ್ದರು: ಮಾಡಿ, ಆದರೆ ನೋವು ತಿಂದವಳನ್ನು ಗುರಿ ಮಾಡಬೇಡಿ. 2013ರ ಮೇ ಕೊನೆಗೆ, ಫೇಸ್‌ಬುಕ್ ಹೇಳಿಕೆ ಬಂದ ಅದೇ ವಾರ, ಕಮೌ ಬೆಲ್ ನಡೆಸುತ್ತಿದ್ದ ಟಿವಿ ಕಾರ್ಯಕ್ರಮದಲ್ಲಿ ಆಕೆ ಹಾಸ್ಯಗಾರ ಜಿಮ್ ನಾರ್ಟನ್ ಜೊತೆ ವಾದಕ್ಕೆ ಕೂತರು. ಮಾತಿಗೂ ಹಿಂಸೆಗೂ ಸಂಬಂಧವಿಲ್ಲ ಎಂಬುದು ನಾರ್ಟನ್ ವಾದ. ಕಾರ್ಯಕ್ರಮ ಪ್ರಸಾರವಾದ ಮೇಲೆ ವೆಸ್ಟ್‌ಗೆ ಅತ್ಯಾಚಾರದ ಬೆದರಿಕೆ, ಮೈತೂಕದ ಬೈಗುಳ ಸುರಿದವು. ಆಕೆ ಕ್ಯಾಮೆರಾ ಮುಂದೆ ಕೂತು, ಮುಖದಲ್ಲಿ ಯಾವ ಭಾವವೂ ಇಲ್ಲದೆ, ಅವನ್ನು ಒಂದೊಂದಾಗಿ ಓದಿ ವಿಡಿಯೊ ಹಾಕಿದರು. ಬೇರೆ ಪ್ರತಿವಾದ ಬೇಕಾಗಲಿಲ್ಲ. ಆಮೇಲೆ ನಾರ್ಟನ್ ಕೂಡ ಆ ಬೈಗುಳಗಳನ್ನು ಖಂಡಿಸಿದರು.

ಕನ್ನಡದ ಟ್ರೋಲ್ ಪೇಜ್‌ಗಳನ್ನು ಬಲ್ಲವರಿಗೆ ಈ ಜಾಡು ಹೊಸದಲ್ಲ. ನಟಿಯ ಬಟ್ಟೆ, ಆಂಕರ್‌ನ ಮೈಕಟ್ಟು, ವಿಚ್ಛೇದನ ತೆಗೆದುಕೊಂಡವಳ ಖಾಸಗಿ ಬದುಕು. ಮೇಲೆ ಒಂದು ಮೀಮ್, ಕೆಳಗೆ ಕಾಮೆಂಟ್ ರಾಶಿ. ಮೀಮ್ ಹಾಕಿದವನು ಸುಮ್ನೆ ತಮಾಷೆ ಅಂತಾನೆ. ಕಾಮೆಂಟ್‌ಗಳು ತಮಾಷೆಯ ಹಂತದಲ್ಲಿ ನಿಲ್ಲುವುದಿಲ್ಲ.

ಆಮೇಲೆ ಆದದ್ದು

ನಿಯಮ ಬದಲಾಯಿತು. ಆದರೆ ನಿಯಮಕ್ಕೆ ಜೋಕಿನ ಹಿಂದು ಮುಂದು ಗೊತ್ತಾಗುವುದಿಲ್ಲ. ಯಾರು ಯಾರ ಬಗ್ಗೆ ನಗುತ್ತಿದ್ದಾರೆ ಎಂಬುದನ್ನು ಅದು ನೋಡುವುದಿಲ್ಲ.

2017ರ ಜೂನ್‌ನಲ್ಲಿ ಪ್ರೊಪಬ್ಲಿಕಾ ಸುದ್ದಿಸಂಸ್ಥೆ ಕಂಪನಿಯ ಒಳಗಿನ ತರಬೇತಿ ಪುಟಗಳನ್ನು ಹೊರಹಾಕಿತು. ಅದರಲ್ಲೊಂದು ಪ್ರಶ್ನೆ: ಮಹಿಳಾ ಚಾಲಕರು, ಕಪ್ಪು ಮಕ್ಕಳು, ಬಿಳಿ ಗಂಡಸರು, ಈ ಮೂವರಲ್ಲಿ ಯಾರಿಗೆ ರಕ್ಷಣೆ ಇದೆ? ಸರಿ ಉತ್ತರ, ಬಿಳಿ ಗಂಡಸರು. ಬಣ್ಣ ಮತ್ತು ಲಿಂಗ ಎರಡೂ ರಕ್ಷಿತ ಗುರುತುಗಳು, ಎರಡು ಸೇರಿದರೂ ರಕ್ಷಣೆ. ಚಾಲಕ ಅನ್ನುವುದಾಗಲಿ, ಮಗು ಅನ್ನುವುದಾಗಲಿ ರಕ್ಷಿತ ಗುರುತಲ್ಲ, ಅದು ಸೇರಿದರೆ ರಕ್ಷಣೆ ಹೋಯಿತು. ಹೆಂಗಸರಿಗೆ ಗಾಡಿ ಓಡಿಸಲು ಬರಲ್ಲ ಅನ್ನುವ ಜೋಕುಗಳಿಗೆ ಹೀಗೆ ಹೊಸ ದಾರಿ ಸಿಕ್ಕಿತ್ತು.

ಅದೇ ವರ್ಷ ಅಮೆರಿಕದ ಹಾಸ್ಯಗಾರ್ತಿ ಮಾರ್ಸಿಯಾ ಬೆಲ್‌ಸ್ಕಿ ‘ಗಂಡಸರು ಕಸ’ ಎಂಬರ್ಥದ ಒಂದು ಕಾಮೆಂಟ್ ಬರೆದು 30 ದಿನ ನಿಷೇಧಕ್ಕೆ ಒಳಗಾದರು. ನವೆಂಬರ್‌ನಲ್ಲಿ ಸುಮಾರು 500 ಹಾಸ್ಯಗಾರ್ತಿಯರು ಬೇಕಂತಲೇ ಅದೇ ಮಾತು ಬರೆದರು. ಹೆಚ್ಚುಕಮ್ಮಿ ಎಲ್ಲರಿಗೂ ನಿಷೇಧ. ಸ್ತ್ರೀವಾದಿಗಳು ಕೇಳಿ ಪಡೆದ ನಿಯಮ ಸ್ತ್ರೀವಾದಿಗಳ ಜೋಕಿನ ಮೇಲೇ ಬಿತ್ತು. 2013ರಲ್ಲೇ ಜಿಲಿಯನ್ ಯಾರ್ಕ್ ಅವರಂಥ ಮುಕ್ತ ಮಾತಿನ ಪರ ಹೋರಾಟಗಾರ್ತಿಯರು ಇಷ್ಟು ದೊಡ್ಡ ಅಧಿಕಾರವನ್ನು ಒಂದು ಕಂಪನಿಗೆ ಒಪ್ಪಿಸುವುದರ ಅಪಾಯ ಹೇಳುತ್ತಿದ್ದರು. ಆ ಎಚ್ಚರಿಕೆಗೆ ಆಧಾರ ಇತ್ತು. ಆದರೆ ಆ ಅಧಿಕಾರ ಕಂಪನಿಯ ಬಳಿ ಮೊದಲೇ ಇತ್ತಲ್ಲ. ತಾಯಂದಿರ ಫೋಟೋ ತೆಗೆಯುತ್ತಿದ್ದದ್ದು ಇದೇ ಅಧಿಕಾರದಿಂದ. ಹಾಗಾಗಿ ಪತ್ರ ಬರೆಯದೆ ಸುಮ್ಮನಿರಬೇಕಿತ್ತು ಅನ್ನುವವರ ಮಾತು ನನಗೆ ಒಪ್ಪಿಗೆಯಾಗುವುದಿಲ್ಲ.

ನನಗೆ ಹೆಚ್ಚು ಚಿಂತೆಗೆ ಹಚ್ಚುವುದು ಅವರು ಹಿಡಿದ ಸನ್ನೆಗೋಲು. 2013ರಲ್ಲಿ 15 ಜಾಹೀರಾತುದಾರರು ಸರಿದದ್ದೇ ಸಾಕಾಯಿತು. 2020ರ ಜುಲೈನಲ್ಲಿ, ಅಮೆರಿಕದಲ್ಲಿ ಕಪ್ಪು ವರ್ಣೀಯ ಜಾರ್ಜ್ ಫ್ಲಾಯ್ಡ್ ಪೊಲೀಸರ ಕೈಯಲ್ಲಿ ಸತ್ತ ನಂತರ, ದ್ವೇಷದ ಮಾತಿನ ವಿರುದ್ಧ ಸಾವಿರಕ್ಕೂ ಹೆಚ್ಚು ಕಂಪನಿಗಳು ಫೇಸ್‌ಬುಕ್ ಜಾಹೀರಾತು ನಿಲ್ಲಿಸಿದವು. ಆ ಹೊತ್ತಿಗೆ ಅಲ್ಲಿ ಜಾಹೀರಾತು ಕೊಡುವವರು 80 ಲಕ್ಷ ದಾಟಿದ್ದರು. ಹೆಚ್ಚಿನವು ಸಣ್ಣ ಅಂಗಡಿ, ಸಣ್ಣ ವ್ಯಾಪಾರ. ಜುಲೈಯಿಂದ ಸೆಪ್ಟೆಂಬರ್‌ವರೆಗಿನ ಆದಾಯ ಹಿಂದಿನ ವರ್ಷಕ್ಕಿಂತ 22 ಶೇಕಡ ಏರಿ 2,147 ಕೋಟಿ ಡಾಲರ್ ಮುಟ್ಟಿತು. ಸ್ಕ್ರೀನ್‌ಶಾಟ್ ತೋರಿಸಿ ನಾಚಿಸಲು ಡವ್‌ನಂಥ ಹೆಸರು ಬೇಕು. ಗಲ್ಲಿಯ ಸೀರೆ ಅಂಗಡಿಯನ್ನು ಯಾರು ನಾಚಿಸುತ್ತಾರೆ?

2025ರ ಜನವರಿ 7ರಂದು ಫೇಸ್‌ಬುಕ್ಕಿನ ಒಡೆಯ ಕಂಪನಿ ಮೆಟಾ ತನ್ನ ದ್ವೇಷದ ಮಾತಿನ ನಿಯಮಗಳನ್ನು ಸಡಿಲಿಸಿತು. ಹೆಂಗಸರನ್ನು ಮನೆಯ ಸಾಮಾನು ಅಥವಾ ಆಸ್ತಿ ಎಂದು ಕರೆಯುವುದನ್ನು ತಡೆಯುತ್ತಿದ್ದ ಸಾಲು ಆ ದಿನ ನಿಯಮದಿಂದ ಹೋಯಿತು. ಅದಕ್ಕೆ ಕೋರ್ಟಿನ ಆದೇಶ ಬೇಕಿರಲಿಲ್ಲ, ಸಂಸತ್ತಿನ ಮತವೂ ಬೇಕಿರಲಿಲ್ಲ. 2013ರಲ್ಲಿ ನಿಯಮ ಬಿಗಿ ಮಾಡುವಾಗಲೂ ಬೇಕಿರಲಿಲ್ಲ.